ಪೈಥಾನ್‌ನಲ್ಲಿ ಸ್ಟ್ರಿಂಗ್ ಮತ್ತು ದಶಮಾಂಶ ಸಂಖ್ಯೆಗಳನ್ನು ಪೂರ್ಣಾಂಕವಾಗಿಸುವ ಬಗೆ

ವಿಜಯಪುರದ ಒಣದ್ರಾಕ್ಷಿ ಅಡತಿ ಅಂಗಡಿಯೊಂದರ ಲೆಕ್ಕವನ್ನು ಸಿಎಸ್‌ವಿ ಫೈಲಿನಿಂದ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸಿಎಸ್‌ವಿ ಮಾಡ್ಯೂಲ್ ಮೂಲಕ ಓದಿಸಿಕೊಂಡಾಗ, ಬಾಕ್ಸುಗಳ ಸಂಖ್ಯೆಯಾಗಲಿ, ತೂಕವಾಗಲಿ, ಹಣವಾಗಲಿ, ಎಲ್ಲವೂ ಸ್ಟ್ರಿಂಗ್ ರೂಪದಲ್ಲಿಯೇ, ಅಂದರೆ ಬರೀ ಅಕ್ಷರಗಳ ಸಾಲಾಗಿಯೇ ಬರುತ್ತವೆ. ಬೆಳಗಿನ 40 ಬಾಕ್ಸಿಗೆ ಸಂಜೆಯ 25 ಬಾಕ್ಸನ್ನು ಹಾಗೆಯೇ ಕೂಡಿಸಿದರೆ 65 ಬರುವುದಿಲ್ಲ. ಎರಡೂ ಅಕ್ಷರಗಳಂತೆ ಜೋಡಿಕೊಂಡು 4025 ಆಗುತ್ತದೆ. ಆದ್ದರಿಂದ ಕೂಡಿಸುವ ಮೊದಲು ಪ್ರತಿಯೊಂದನ್ನೂ ಇಂಟ್ (int) ಫಂಕ್ಷನ್‌ಗೆ ಕೊಟ್ಟು ಪೂರ್ಣಾಂಕವಾಗಿಸಬೇಕು.

ಅಂಕಿಯ ಹಿಂದೆ ಮುಂದೆ ಖಾಲಿ ಜಾಗವಿದ್ದರೂ, ಮುಂದೆ ಋಣ ಚಿಹ್ನೆಯಿದ್ದರೂ ಇಂಟ್ ಒಪ್ಪಿಕೊಳ್ಳುತ್ತದೆ. ಕನ್ನಡ ಅಂಕಿಗಳಲ್ಲಿ ೧೨೫ ಎಂದು ನಮೂದಿಸಿದ್ದರೂ ಅದು 125 ಎಂದೇ ಓದಿಕೊಳ್ಳುತ್ತದೆ. ಹಳೆಯ ಖಾತೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ 1,25,000 ಎಂಬಲ್ಲಿನ ಅಲ್ಪವಿರಾಮವನ್ನಾಗಲಿ, ರೂಪಾಯಿ ಚಿಹ್ನೆಯನ್ನಾಗಲಿ ಅದು ಸಹಿಸದೆ ವ್ಯಾಲ್ಯೂ ಎರರ್ (ಮೌಲ್ಯ ಸರಿಯಿಲ್ಲ ಎಂಬ ದೋಷ) ತೋರಿಸುತ್ತದೆ. ಅವನ್ನು ರಿಪ್ಲೇಸ್ ಮೆಥಡ್‌ನಿಂದ ಮೊದಲು ತೆಗೆದುಹಾಕಬೇಕು.

ದಶಮಾಂಶದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 12.75 ಎಂಬ ಸ್ಟ್ರಿಂಗನ್ನು ಇಂಟ್ ನೇರವಾಗಿ ಒಪ್ಪುವುದಿಲ್ಲ. ಅದನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ ಅನಂತರ ಇಂಟ್‌ಗೆ ಕೊಟ್ಟರೆ 12 ಸಿಗುತ್ತದೆ, ಏಕೆಂದರೆ ಇಂಟ್ ಬಿಂದುವಿನ ನಂತರದ ಭಾಗವನ್ನು ಕತ್ತರಿಸುತ್ತದೆಯೇ ಹೊರತು ಸಮೀಪದ ಸಂಖ್ಯೆಗೆ ಒಯ್ಯುವುದಿಲ್ಲ. ಹಾಗೆಯೇ ಋಣ 12.75 ಕೂಡ ಋಣ 12 ಆಗುತ್ತದೆ. ಋಣ 13 ಬೇಕಾದರೆ ಮ್ಯಾಥ್ ಮಾಡ್ಯೂಲ್‌ನ ಫ್ಲೋರ್ ಬಳಸಬೇಕು. ರೌಂಡ್ ಫಂಕ್ಷನ್ ಸಮೀಪದ ಪೂರ್ಣಾಂಕವನ್ನು ಕೊಡುತ್ತದೆಯಾದರೂ, ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆಯನ್ನು ಸಮಸಂಖ್ಯೆಯ ಕಡೆಗೆ ಒಯ್ಯುವುದರಿಂದ 12.5 ಕೊಟ್ಟರೆ 12, 13.5 ಕೊಟ್ಟರೆ 14 ಬರುತ್ತದೆ. ಅರ್ಧವನ್ನು ಯಾವಾಗಲೂ ಮೇಲಕ್ಕೆ ಏರಿಸುವುದು ಅಂಗಡಿಯ ರೂಢಿಯಾಗಿದ್ದರೆ ಈ ಫಲಿತಾಂಶ ಅದಕ್ಕೆ ಹೊಂದುವುದಿಲ್ಲ.

ಹಣದ ಲೆಕ್ಕಕ್ಕೆ ಫ್ಲೋಟ್ ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಕ್ಸೊಂದಕ್ಕೆ ಹಮಾಲಿ 4.35 ರೂಪಾಯಿ ಎಂದಿಟ್ಟುಕೊಳ್ಳೋಣ. ಪೈಸೆಗೆ ಪರಿವರ್ತಿಸಲು ಅದನ್ನು ಫ್ಲೋಟ್ ಮಾಡಿ 100 ರಿಂದ ಗುಣಿಸಿ ಇಂಟ್‌ಗೆ ಕೊಟ್ಟರೆ 435 ರ ಬದಲು 434 ಬರುತ್ತದೆ. 4.35 ಅನ್ನು ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಬರೆಯಲಾಗದ ಕಾರಣ ಗುಣಲಬ್ಧವು 435 ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ ಉಳಿಯುತ್ತದೆ, ಇಂಟ್ ಆ ಉಳಿಕೆಯನ್ನೆಲ್ಲ ಕತ್ತರಿಸುತ್ತದೆ. ಹಮಾಲರ ಕೂಲಿಯಲ್ಲಿ ಬಾಕ್ಸಿಗೊಂದು ಪೈಸೆ ಹೀಗೆ ಕಳೆದುಹೋಗುವುದು ಸಲ್ಲದು. ಫೈಲಿನಿಂದ ಬಂದ ಸ್ಟ್ರಿಂಗನ್ನೇ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಮಾಡ್ಯೂಲಿಗೆ ಕೊಟ್ಟು, ಅಲ್ಲಿಯೇ 100 ರಿಂದ ಗುಣಿಸಿ, ಬಳಿಕ ಇಂಟ್ ಮಾಡಿದರೆ 435 ಸರಿಯಾಗಿ ದೊರೆಯುತ್ತದೆ.

ಖಾಲಿ ಸ್ಟ್ರಿಂಗ್ ಕೊಟ್ಟರೆ ವ್ಯಾಲ್ಯೂ ಎರರ್, ಮೌಲ್ಯವೇ ಇಲ್ಲ ಎಂದು ಸೂಚಿಸುವ ನನ್ (None) ಕೊಟ್ಟರೆ ಟೈಪ್ ಎರರ್ (ಬಗೆ ಹೊಂದದ ದೋಷ) ಬರುತ್ತದೆ. ದೋಷ ಬಂದರೂ ಪ್ರೋಗ್ರಾಂ ನಿಲ್ಲದಂತೆ ನೋಡಿಕೊಳ್ಳುವ ಟ್ರೈ ಮತ್ತು ಎಕ್ಸೆಪ್ಟ್‌ನಿಂದ ಎರಡನ್ನೂ ಹಿಡಿಯಬಹುದು. ಆದರೆ ದೋಷ ಬಂದ ಕಡೆ ಸುಮ್ಮನೆ ಸೊನ್ನೆ ತುಂಬಿದರೆ ರೈತನ ಮಾಲು ಲೆಕ್ಕದಿಂದಲೇ ಮಾಯವಾಗುತ್ತದೆ, ಆದ್ದರಿಂದ ಆ ಸಾಲಿನ ಸಂಖ್ಯೆಯನ್ನೂ ಮೂಲ ಸ್ಟ್ರಿಂಗನ್ನೂ ಬೇರೆ ಪಟ್ಟಿಗೆ ಬರೆಸಿ, ಮೂಲ ಚೀಟಿಯೊಡನೆ ತಾಳೆ ನೋಡಿ ತಿದ್ದಬೇಕು.