ಕ್ಯಾಪ್ಸೂಲ್ ಹರಿದರೆ ಪ್ರೋಬ್ ತಕ್ಷಣ ಹೊರಗೆ ಎಳೆಯಬೇಡಿ
ಫೇಕೋ (ಅಲ್ಟ್ರಾಸೌಂಡ್ ಪ್ರೋಬ್‌ನಿಂದ ಕಣ್ಣಿನ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ) ಕಲಿಯುತ್ತಿರುವವರಿಗೆ ಒಂದು ಮಾತು. ಹಿಂದಿನ ಕ್ಯಾಪ್ಸೂಲ್ (ಕಣ್ಣಿನ ಮಸೂರದ ಚೀಲದ ಹಿಂಬದಿ) ಹರಿದಾಗ ಗಾಬರಿಯಲ್ಲಿ ಕೈ ತಾನಾಗಿಯೇ ಪ್ರೋಬನ್ನು ಹೊರಗೆ ಎಳೆಯುತ್ತದೆ, ಮೊದಲ ಸಲ ನಾನೂ ಹಾಗೇ ಮಾಡಿದ್ದೆ, ಚೇಂಬರ್ (ಕಣ್ಣಿನ ಮುಂಭಾಗದ ಕೋಣೆ) ಕುಸಿದು ವಿಟ್ರಿಯಸ್ (ಮಸೂರದ ಹಿಂದಿನ ಲೋಳೆ) ಮುಂದಕ್ಕೆ ನುಗ್ಗಿತು, ಸಣ್ಣ ತೂತು ದೊಡ್ಡದಾಯಿತು. ಚೇಂಬರ್ ದಿಢೀರ್ ಆಳವಾಯ್ತಾ, ಪ್ಯೂಪಿಲ್ ಒಂದು ಕ್ಷಣ ಹಿಗ್ಗಿತಾ, ಅಲ್ಲೇ ನಿಲ್ಲಿ. ಪೆಡಲ್ 1ನೇ ಹಂತಕ್ಕೆ ತನ್ನಿ, ನೀರು ಮಾತ್ರ ಹರಿಯಲಿ. ಇನ್ನೊಂದು ಕೈಯಿಂದ ಸೈಡ್ ಪೋರ್ಟ್ (ಪಕ್ಕದ ಸಣ್ಣ ರಂಧ್ರ) ಮೂಲಕ ವಿಸ್ಕೋ (ಚೇಂಬರ್ ಕುಸಿಯದಂತೆ ಹಿಡಿಯುವ ಜೆಲ್) ತುಂಬಿ, ಆಮೇಲಷ್ಟೇ ಪ್ರೋಬ್ ಹೊರಗೆ. ವಿಟ್ರಿಯಸ್ ಸರಿಯಾಗಿ ಕಾಣಲ್ಲ ಅಲ್ವಾ, ಟ್ರಯಾಮ್ಸಿನೊಲೋನ್ (ಬಿಳಿ ಸ್ಟೀರಾಯ್ಡ್ ಔಷಧಿ) ಹಾಕಿದರೆ ಎಳೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ಸಿಂಗಲ್ ಪೀಸ್ ಅಕ್ರಿಲಿಕ್ ಲೆನ್ಸ್ ಮಾತ್ರ ಸಲ್ಕಸ್‌ನಲ್ಲಿ (ಐರಿಸ್ ಹಿಂದೆ, ಕ್ಯಾಪ್ಸೂಲ್ ಮುಂದಿನ ಸಂದು) ಇಡಲೇಬೇಡಿ, ಐರಿಸ್ಸಿಗೆ ಉಜ್ಜುತ್ತದೆ. ತ್ರೀ ಪೀಸ್ ಲೆನ್ಸ್ ಒಂದನ್ನು ಮೊದಲೇ ತೆಗೆದಿಡಲು ಸಿಸ್ಟರ್‌ಗೆ ಹೇಳಿರಿ.