ಡ್ರೈವರ್ ಸಮೇತ ಕಾರು ಮಾಡಿಕೊಂಡು ಬೆಂಗಳೂರಿಗೆ ಮ್ಯಾಚ್ ನೋಡಲು ಹೋಗುವುದಾದರೆ

ಮಂಗಳೂರಿನಿಂದ ಚಿನ್ನಸ್ವಾಮಿ ಸ್ಟೇಡಿಯಂಗೆ ಸುಮಾರು 350 ಕಿಲೋಮೀಟರ್. ಇಂಟರ್‌ನ್ಯಾಷನಲ್ ಮ್ಯಾಚ್ ರಾತ್ರಿಯದ್ದಾದರೂ ಬೆಳಿಗ್ಗೆ ಐದಕ್ಕೇ ಹೊರಡಿ ಮಾರಾಯ್ರೆ, ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಮಳೆಗಾಲವಾದರೆ ಗುಡ್ಡ ಕುಸಿದಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿ.

ಹಳದಿ ಬೋರ್ಡ್ ಗಾಡಿಯನ್ನೇ (ಟ್ಯಾಕ್ಸಿ) ಮಾಡಿ. ಬಾಡಿಗೆ ಮಾತಾಡುವಾಗ ಕಿಲೋಮೀಟರ್ ರೇಟ್ ಒಂದನ್ನೇ ಕೇಳಿ ಸುಮ್ನಾಗಬೇಡಿ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್, ಡ್ರೈವರ್ ಬಾಟಾ (ಅವರ ದಿನದ ಭತ್ಯೆ), ರಾತ್ರಿ ಬಾಟಾ, ಟೋಲ್, ಪಾರ್ಕಿಂಗ್ ಯಾರದ್ದು, ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನಾನೊಮ್ಮೆ ಬಾಯಿಮಾತು ನಂಬಿ, ವಾಪಸ್ ಬಂದಾಗ ಜಾಸ್ತಿ ಕೊಟ್ಟಿದ್ದೇನೆ.

ಸ್ಟೇಡಿಯಂ ಬಾಗಿಲಿಗೇ ಕಾರು ಬೇಕೆಂಬ ಹಟ ಬೇಡ, ಮ್ಯಾಚ್ ದಿನ ಅಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ. ತುಮಕೂರು ರಸ್ತೆಯ ನಾಗಸಂದ್ರದಲ್ಲಿ ಇಳಿದು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಸ್ಟೇಡಿಯಂ ಪಕ್ಕದಲ್ಲೇ. ಮ್ಯಾಚ್ ಮುಗಿದ ಮೇಲೆ ಕೊನೆಯ ರೈಲು ಎಷ್ಟಕ್ಕೆ ಅಂತ ಮೊದಲೇ ನೋಡಿಕೊಳ್ಳಿ.

ಅದೇ ರಾತ್ರಿ ವಾಪಸ್ ಹೊರಡುವುದಾದರೆ, ನೀವು ಮ್ಯಾಚ್ ನೋಡುವಾಗ ಡ್ರೈವರಣ್ಣ ಊಟ ಮಾಡಿ ನಿದ್ದೆ ಮಾಡಲಿ. ಘಾಟಿ ಇಳಿಸುವುದು ಅವರೇ ಅಲ್ವಾ?