ಶೂ ಹೀಲ್ ಉಜ್ಜಿದೆ, ಶಿನ್ ನೋವು ಬಿಟ್ಟಿತು: ನನ್ನ ಅನುಭವ

ಈಗ ನಮ್ಮ ಮಂಗಳಾ ಸ್ಟೇಡಿಯಂ ಓಟದ ಗುಂಪಿನವರು ಶೂ ತಂದು "ನಮ್ಮದ್ದೂ ಸ್ವಲ್ಪ ಉಜ್ಜಿ ಕೊಡಿ ಮಾರಾಯ್ರೆ" ಎನ್ನುತ್ತಾರೆ. "ಹೊಸ ಶೂ ಯಾರಾದ್ರೂ ಕೊಯ್ತಾರಾ" ಎಂದು ನಕ್ಕವರೂ ಇವರೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತೂಕ 84 ಕಿಲೋ ಆಸುಪಾಸು. ಹಿಮ್ಮಡಿ ಮೊದಲು ಊರುವವನು. ಲೇಡಿಹಿಲ್‌ನಿಂದ ಕೊಟ್ಟಾರದ ಕಡೆಗೆ ಕಾಂಕ್ರೀಟ್ ಮೇಲೆ ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಶಿನ್, ಅಂದರೆ ಮೊಣಗಂಟಿನ ಕೆಳಗೆ ಕಾಲಿನ ಮುಂಭಾಗ, ಉರಿಯಲು ಶುರು. ಕುಶನ್ ಜಾಸ್ತಿ ಇರುವುದು ತಗೊಳ್ಳಿ ಎಂದರು ಎಲ್ಲರೂ. ಮೊದಲು ಜೆಲ್ ಇನ್‌ಸೋಲ್, ಸುಮಾರು 1,200 ರೂಪಾಯಿ. ಬೆರಳಿಗೆ ಜಾಗ ಸಾಲದೆ ಉಗುರು ಕಪ್ಪಾಯಿತು, ನೋವು ಇದ್ದಲ್ಲೇ ಇತ್ತು. ಆಮೇಲೆ 13 ಸಾವಿರದ ದಪ್ಪ ಸೋಲಿನ ಶೂ. ಅಂಗಡಿಯಲ್ಲಿ ನಿಂತಾಗ ಸುಖವೋ ಸುಖ. ಓಡಿದರೆ ಹೆಜ್ಜೆ ಸದ್ದು ಮೊದಲಿಗಿಂತ ಜೋರು!

ಅಡಿ ಮೆತ್ತಗಾದರೆ ಕಾಲು ತಾನಾಗಿ ಬಿಗಿಯಾಗುತ್ತದೆ. ಫಿನ್ಲೆಂಡಿನ ಸಂಶೋಧಕರು 2018ರಲ್ಲಿ ಇದನ್ನೇ ಅಳೆದು ತೋರಿಸಿದ್ದಾರೆ: ದಪ್ಪ ಕುಶನ್ ಶೂನಲ್ಲಿ ವೇಗ ಏರಿಸಿದಾಗ ಹೊಡೆತ ಸಾಧಾರಣ ಶೂಗಿಂತ ಜಾಸ್ತಿ. ಗುಂಪಿನ ಡಾಕ್ಟರೊಬ್ಬರು ಲಕ್ಸೆಂಬರ್ಗ್‌ನ 2020ರ ಅಧ್ಯಯನ ತಂದು ವಾದಕ್ಕೆ ನಿಂತರು. ಎಂಟುನೂರಕ್ಕೂ ಹೆಚ್ಚು ಓಟಗಾರರು, ಮೆತ್ತಗಿನ ಶೂ ಹಾಕಿದವರಿಗೆ ಗಾಯ ಕಡಿಮೆ. ಸರಿ, ಆದರೆ ಲಾಭ ಸ್ಪಷ್ಟವಾಗಿ ಕಂಡದ್ದು ಹಗುರ ದೇಹದವರಲ್ಲಿ. ಡಾಕ್ಟರು 58 ಕಿಲೋ, ನಾನು 84. ವಾದ ಅಲ್ಲಿಗೆ ನಿಂತಿತು.

ನಿಜವಾದ ಸುಳಿವು ಸಿಕ್ಕಿದ್ದು ಮೊಬೈಲ್ ಸ್ಲೋ ಮೋಷನ್‌ನಲ್ಲಿ. ಮೊಬೈಲನ್ನು ನೆಲದ ಮಟ್ಟದಲ್ಲಿಟ್ಟು ಪಕ್ಕದಿಂದ ಹಿಡಿದೆ. ಮೊದಲು ನೆಲ ಮುಟ್ಟುವುದು ಹೀಲ್‌ನ ಹಿಂಬದಿಯ ಹೊರ ಮೂಲೆ. ಆ ಮೂಲೆ ಹಿಮ್ಮಡಿಗಿಂತ ಎರಡು ಬೆರಳು ಆಚೆ ಚಾಚಿಕೊಂಡಿದೆ. ಅದು ಸನ್ನೆಗೋಲಿನ ಹಾಗೆ ಪಾದವನ್ನು ಪಟ್ ಎಂದು ಕೆಳಕ್ಕೆ ಬಡಿಯುತ್ತದೆ. ಆ ಬಡಿತವನ್ನು ತಡೆದು ಹಿಡಿಯುವುದು ಶಿನ್ ಮುಂದಿನ ಸ್ನಾಯು. ಪ್ರತಿ ಹೆಜ್ಜೆಗೂ! ಸೋಲ್ ದಪ್ಪ ಆದಷ್ಟೂ, ಹೀಲ್ ಹಿಂದಕ್ಕೆ ಚಾಚಿದಷ್ಟೂ ಅದಕ್ಕೆ ಕೆಲಸ ಜಾಸ್ತಿ. ನನ್ನ ಮಟ್ಟಿಗೆ ತೊಂದರೆ ಇದ್ದದ್ದು ಫೋಮ್‌ನಲ್ಲಲ್ಲ, ಹೀಲ್‌ನ ಆಕಾರದಲ್ಲಿ.

ಆಫರಿನಲ್ಲಿ 2,800ಕ್ಕೆ ಸಿಕ್ಕ ಸಾದಾ ಇವಿಎ ಫೋಮಿನ ಶೂ ಹಿಡಿದುಕೊಂಡು ಸ್ಟೇಟ್‌ಬ್ಯಾಂಕ್ ಹತ್ತಿರದ ಚಪ್ಪಲಿ ರಿಪೇರಿಯವರ ಬಳಿ ಹೋದೆ. "ಇದು ಹೊಸತು ಸರ್, ಎಂತಕ್ಕೆ ಕೊಯ್ಯುದು?" ಎಂದು ಎರಡು ಸಲ ಕೇಳಿದರು. ಹೀಲ್‌ನ ಔಟ್‌ಸೋಲ್ (ಅಡಿಯ ರಬ್ಬರ್) ಬಿಡಿಸಿ, ಹೊರ ಮೂಲೆಯನ್ನು ಗುಂಡಗೆ ಉಜ್ಜಿ, ಒಟ್ಟಾರೆ ಮೂರ್ನಾಲ್ಕು ಮಿಲಿಮೀಟರ್ ಇಳಿಸಿ, ಮತ್ತೆ ಅಂಟಿಸಿದೆವು. ಡ್ರಾಪ್, ಅಂದರೆ ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, 10 ಮಿಲಿಮೀಟರ್ ಇದ್ದದ್ದು 6ರ ಹತ್ತಿರ ಬಂತು. ಕೂಲಿ 150. ಮೊದಲ ಜೋಡಿಯ ಎಡ ಬಲ ಒಂದೇ ಸಮ ಬರಲಿಲ್ಲ, ಸೊಂಟ ಹಿಡಿದುಕೊಂಡಿತು. ಎರಡನೆಯದರ ಗಮ್ ಜುಲೈ ಮಳೆಗೆ ಬಿಟ್ಟು, ಔಟ್‌ಸೋಲ್ ತುಂಡು ಉರ್ವದ ರಸ್ತೆಯಲ್ಲೇ ಉಳಿಯಿತು. ಮೂರನೆಯದನ್ನು ಮನೆಯಲ್ಲೇ 60 ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಅದು ನಿಂತಿತು. ಎರಡೂ ಕಡೆ ಸಮ ಬರುವುದಕ್ಕೆ, ಮಳೆಗೆ ಗಮ್ ಬಿಡದಿರುವುದಕ್ಕೆ ಒಂದೊಂದು ಉಪಾಯ ಉಂಟು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮಾರಾಯ್ರೆ.

ತಿಂಗಳೊಳಗೆ ಶಿನ್ ಶಾಂತವಾಯಿತು. ಬದಲಿಗೆ ಮೀನಖಂಡ ಹಿಡಿಯಿತು. ಡ್ರಾಪ್ ಇಳಿಸಿದರೆ ಮೊಣಗಂಟಿನ ಭಾರ ಸ್ವಲ್ಪ ಮೀನಖಂಡಕ್ಕೂ ಹಿಮ್ಮಡಿ ಮೇಲಿನ ಸ್ನಾಯುರಜ್ಜು ಅಕಿಲಿಸ್‌ಗೂ ಹೋಗುತ್ತದೆ, ಮಾಯವಾಗುವುದಿಲ್ಲ. ಅಕಿಲಿಸ್ ತಕರಾರು ಇರುವವರು ಇದಕ್ಕೆ ಕೈ ಹಾಕಬೇಡಿ. ನಾನು ವಾರಕ್ಕೆರಡು ಸಲ ಮಾತ್ರ ಹಾಕಿ, ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ 160 ಹೆಜ್ಜೆ ಇದ್ದದ್ದನ್ನು 170ರ ಮೇಲೆ ತಂದೆ. ಅದರ ಪಾಲೂ ಇದೆ, ಇಲ್ಲವೆನ್ನುವುದಿಲ್ಲ.

ಸುಮ್ನೆ ಕುತೂಹಲಕ್ಕೆ ಬಂದರಿನ ಗ್ಯಾರೇಜಿನಿಂದ ಬೇರಿಂಗ್ ಗುಂಡು ತಂದು ಮೀಟರ್ ಎತ್ತರದಿಂದ ಮಿಡ್‌ಸೋಲ್ (ನಡುವಿನ ಫೋಮ್ ಪದರ) ಮೇಲೆ ಬಿಟ್ಟು ನೋಡಿದೆ. ಹೊಸ ಇವಿಎ ಅರ್ಧದಷ್ಟು ಪುಟಿಸಿತು, ಓಡಿ ಸವೆದದ್ದು ಅದಕ್ಕಿಂತ ಕಡಿಮೆ, ಗೆಳೆಯನ ದುಬಾರಿ ಪೀಬಾ ಫೋಮ್ ಎಲ್ಲಕ್ಕಿಂತ ಜಾಸ್ತಿ. ಮಧ್ಯಾಹ್ನ ಬಿಸಿಲಲ್ಲಿಟ್ಟ ಶೂ ಬೆರಳಿಗೇ ಮೆತ್ತಗೆ ಗೊತ್ತಾಗುತ್ತದೆ. ಕಂಬಳದವರು ಬರಿಗಾಲಲ್ಲೇ ಓಡುವುದಿಲ್ವಾ ಎಂದು ಒಬ್ಬರು ಕೇಳಿದರು. ಅವರಿಗೆ ಕೆಸರೇ ಕುಶನ್. ನಮಗೆ ಕಾಂಕ್ರೀಟ್.

ಸೋಲಿನೊಳಗೆ ಗಟ್ಟಿ ಹಾಳೆ ಇರುವ ಕಾರ್ಬನ್ ಪ್ಲೇಟ್ ಶೂ ಮಾತ್ರ ಇನ್ನೂ ಮುಟ್ಟಿಲ್ಲ, 20 ಸಾವಿರದ ವಸ್ತು. ಯಾರಾದರೂ ಸವೆದ ಜೋಡಿ ಕೊಟ್ಟರೆ ಉಜ್ಜಿ ನೋಡುವ ಆಸೆ ಉಂಟು. 9 ನಂಬರ್ ಆಗಬೇಕು.